ಯಾರ ಆಸೆಗೆ ಈ ದೀಪ? ನೆಟ್ ಜೋಡಿಸಿದ ವಸ್ತು ಕಟ್ಟಲು ಹೊರಟವರಿಗೆ

ನೆಟ್ ಜೋಡಿಸಿದ ವಸ್ತು ಮಾಡಬೇಕು ಅಂತ ಹೊರಟವರಲ್ಲಿ ಹೆಚ್ಚಿನವರು ಸೆನ್ಸರಿನಿಂದ ಶುರು ಮಾಡುತ್ತಾರೆ. ಅಂಗಡಿಯಿಂದ, ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡು, ಒಂದು ತಾಪಮಾನದ ಸೆನ್ಸರ್ ತರುತ್ತಾರೆ, ಮೊಬೈಲಿನಲ್ಲಿ ಗ್ರಾಫ್ ಬರುವಂತೆ ಮಾಡುತ್ತಾರೆ, ಮನೆಯವರಿಗೆಲ್ಲ ತೋರಿಸುತ್ತಾರೆ. ಸ್ವಲ್ಪ ದಿನ ಎಲ್ಲರೂ ನೋಡುತ್ತಾರೆ. ಆಮೇಲೆ ಆ ಆಪ್ ಯಾರೂ ತೆರೆಯುವುದಿಲ್ಲ. ಕೋಡಿನಲ್ಲಿ ಏನೂ ತಪ್ಪಿರುವುದಿಲ್ಲ. ಆ ಗ್ರಾಫ್ ಬೇಕು ಅಂತ ಮನೆಯಲ್ಲಿ ಯಾರೂ ಆಸೆಪಟ್ಟಿರಲಿಲ್ಲ, ಅಷ್ಟೇ.

ಹಾಗಾಗಿ ಮೊದಲು ಆಸೆ ಹುಡುಕಿ. "ನಿಮಗೆ ಏನು ಬೇಕು?" ಅಂತ ನೇರವಾಗಿ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ, ಜನ ಸುಮ್ನೆ "ಆಪ್ ಮಾಡಿ ಕೊಡಿ" ಅನ್ನುತ್ತಾರೆ. ಅದರ ಬದಲು, ಅವರು ಏನನ್ನು ನೋಡಲು ಮತ್ತೆ ಮತ್ತೆ ಎದ್ದು ಹೋಗುತ್ತಾರೆ ಅಂತ ಗಮನಿಸಿ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಇದಕ್ಕೆ ಬರವಿಲ್ಲ. ಟ್ಯಾಂಕ್ ತುಂಬಿತಾ ಅಂತ ಮಹಡಿ ಹತ್ತುವುದು. ತ್ರೀ ಫೇಸ್ ಕರೆಂಟ್ ಬಂತಾ ಅಂತ ರಾತ್ರಿ ಬೋರ್‌ವೆಲ್ ಹತ್ತಿರ ಹೋಗುವುದು. ಕೋಲಾರ ಎಪಿಎಂಸಿಯಲ್ಲಿ ಇವತ್ತು ಟೊಮೆಟೊ ಬಾಕ್ಸಿಗೆ ಎಷ್ಟು ಅಂತ ಮೂರು ಜನಕ್ಕೆ ಫೋನ್ ಮಾಡುವುದು. ಬೆಂಗಳೂರಿನಲ್ಲಿರುವ ಮಗಳು ಕೆಲಸ ಮುಗಿಸಿ ರೂಮ್ ಸೇರಿದಳಾ ಅಂತ ಅಮ್ಮ ಫೋನ್ ಹಿಡಿದು ಕೂರುವುದು.

ಕಂಡದ್ದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ: ಯಾರು, ಯಾವ ಹೊತ್ತಿನಲ್ಲಿ, ಏನು ನೋಡಲು ಏಳುತ್ತಾರೆ, ನೋಡಿದ ಮೇಲೆ ಏನು ಮಾಡುತ್ತಾರೆ. ಕೊನೆಯ ಭಾಗ ಖಾಲಿ ಉಳಿದರೆ ಎರಡೇ ಅರ್ಥ. ಆ ವಸ್ತು ಬೇಡ, ಇಲ್ಲವೇ ಅವರಿಗೆ ಬೇಕಿರುವುದು ಬರೀ ಧೈರ್ಯ. ಧೈರ್ಯ ಕೊಡುವುದೂ ಒಳ್ಳೆಯ ಕೆಲಸವೇ, ಅದರ ಮಾತು ಕೆಳಗಿದೆ.

ಈಗ ಒಂದು ವಸ್ತುವನ್ನು ಕೊನೆಯವರೆಗೂ ಕಟ್ಟಿ ನೋಡೋಣ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಮನೆ ಇಟ್ಟುಕೊಂಡ ಕುಟುಂಬ ಅಂದುಕೊಳ್ಳಿ. ಚಾಕಿ ಹುಳಕ್ಕೆ, ಅಂದರೆ ಎಳೆಯ ಹುಳಕ್ಕೆ, 27-28 ಡಿಗ್ರಿ ಬಿಸಿ ಬೇಕು, ಗಾಳಿಯಲ್ಲಿ ತೇವ ಶೇಕಡ 85ರ ಆಸುಪಾಸು ಇರಬೇಕು. ಹುಳು ತಿನ್ನುವುದು ನಿಲ್ಲಿಸಿ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ 23ರಿಂದ 25 ಡಿಗ್ರಿ ಸಾಕು, ತೇವ 70ರ ಆಸುಪಾಸು. ಬೇಸಿಗೆಯಲ್ಲಿ ಶೀಟಿನ ಮನೆ ಕಾದರೆ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಬೇಕು, ಚಳಿಗಾಲದ ರಾತ್ರಿ ಬಿಸಿ ಮಾಡಲು ಏನಾದರೂ ಇಡಬೇಕು. ಹಾಗಾಗಿ ರಾತ್ರಿ ಎದ್ದು ಎದ್ದು ಹೋಗಿ ನೋಡುತ್ತಾರೆ. ಇವರ ಆಸೆ ತಾಪಮಾನ ತಿಳಿಯುವುದಲ್ಲ, ನೆಮ್ಮದಿಯಾಗಿ ನಿದ್ದೆ ಮಾಡುವುದು. ಈ ವ್ಯತ್ಯಾಸ ಹಿಡಿದರೆ ವಸ್ತುವಿನ ರೂಪ ತಾನಾಗಿ ಬದಲಾಗುತ್ತದೆ. ನಿದ್ದೆ ಬೇಕಾದವರ ಕೈಗೆ ಮೊಬೈಲ್ ಕೊಟ್ಟರೆ ಇದ್ದ ನಿದ್ದೆಯೂ ಹೋಗುತ್ತದೆ, ಅಲ್ವಾ? ಮಲಗಿದ ಜಾಗದಿಂದ ಒಂದು ಕಣ್ಣು ಬಿಟ್ಟರೆ ಕಾಣುವ ಪುಟ್ಟ ದೀಪ ಸಾಕು.

ಈ ಯೋಚನೆ ಹೊಸದೇನಲ್ಲ. ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಮಾರ್ಕ್ ವೈಸರ್ ಮತ್ತು ಜಾನ್ ಸೀಲಿ ಬ್ರೌನ್ 1995ರಲ್ಲೇ ಗಲಾಟೆ ಮಾಡದ ತಂತ್ರಜ್ಞಾನದ ಬಗ್ಗೆ ಬರೆದಿದ್ದರು. ಅಲ್ಲೇ ನಟಾಲಿ ಜೆರೆಮಿಜೆಂಕೊ ಅನ್ನುವ ಕಲಾವಿದೆ ಚಾವಣಿಯಿಂದ ಎಂಟು ಅಡಿಯ ಪ್ಲಾಸ್ಟಿಕ್ ದಾರ ಇಳಿಬಿಟ್ಟು, ಅದಕ್ಕೊಂದು ಮೋಟಾರ್ ಕಟ್ಟಿ, ಮೋಟಾರನ್ನು ಆಫೀಸಿನ ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸಿದರು. ನೆಟ್‌ವರ್ಕಿನಲ್ಲಿ ಓಡಾಟ ಜಾಸ್ತಿಯಾದರೆ ದಾರ ಗಿರಗಿರ ಸುತ್ತುತ್ತದೆ, ಕಡಿಮೆಯಾದರೆ ಆಗಾಗ ಸ್ವಲ್ಪ ಅಲುಗುತ್ತದೆ. ಯಾರೂ ಪರದೆ ನೋಡಬೇಕಿಲ್ಲ, ಪಕ್ಕದಲ್ಲಿ ಓಡಾಡುವವರಿಗೆ ಗೊತ್ತಾಗಿಬಿಡುತ್ತದೆ. ಆ ದಾರಕ್ಕಿಂತ ಚೆನ್ನಾಗಿ ಈ ಕೆಲಸ ಮಾಡಿದ ಸ್ಮಾರ್ಟ್ ವಸ್ತುಗಳನ್ನು ನಾನು ಹೆಚ್ಚು ಕಂಡಿಲ್ಲ.

ಇನ್ನು ದೀಪದ ಭಾಷೆ. ಇಲ್ಲಿ ಅವಸರ ಬೇಡ, ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಯೋಚಿಸಬೇಕಾದ ಜಾಗ ಇದೇ. ಎಲ್ಲ ಸರಿ ಇದ್ದಾಗ ದೀಪ ಆರಿರಲಿ, ತೊಂದರೆಯಾದಾಗ ಹತ್ತಲಿ ಅಂತ ಮೊದಲು ಹೊಳೆಯುತ್ತದೆ. ಹಾಗೆ ಮಾಡಬೇಡಿ. ಕರೆಂಟ್ ಹೋದರೂ, ಬ್ಯಾಟರಿ ಸತ್ತರೂ, ಸೆನ್ಸರಿನ ವೈರ್ ಇಲಿ ಕಡಿದರೂ ದೀಪ ಆರಿಯೇ ಇರುತ್ತದೆ. ಮನೆಯವರು ಎಲ್ಲ ಸರಿ ಇದೆ ಅಂತ ಮಲಗಿರುತ್ತಾರೆ, ಅತ್ತ ಹುಳು ಬೇಯುತ್ತಿರುತ್ತವೆ. ಸುಳ್ಳು ಧೈರ್ಯ ಕೊಡುವ ವಸ್ತುವಿಗಿಂತ ವಸ್ತುವೇ ಇಲ್ಲದಿರುವುದು ವಾಸಿ. ಆದ್ದರಿಂದ ತಿರುವುಮುರುವು ಮಾಡಿ. ಸಣ್ಣ ಹಳದಿ ಬೆಳಕು ಅಲುಗಾಡದೆ ಉರಿಯುತ್ತಿದ್ದರೆ ಎಲ್ಲ ಸರಿ. ಬೆಳಕು ನಿಧಾನವಾಗಿ ಏರಿ ಇಳಿಯುತ್ತಿದ್ದರೆ ಎದ್ದು ಹೋಗಿ. ದೀಪ ಆರಿದ್ದರೆ ಅದಕ್ಕೆ ಏನೂ ಗೊತ್ತಿಲ್ಲ ಅಂತ ಅರ್ಥ, ಮೊದಲಿನ ಹಾಗೆ ನೀವೇ ಹೋಗಿ ನೋಡಿ. ಮನೆಯವರಿಗೆ ಹೇಳಿಕೊಡಬೇಕಾದ್ದು ಈ ಮೂರೇ ಮಾತು.

ಏರಿಳಿಯುವ ಬೆಳಕಿಗೆ ಬಿಸಿ ಜಾಸ್ತಿಯಾದರೆ ಕೆಂಪು, ತಂಪು ಜಾಸ್ತಿಯಾದರೆ ನೀಲಿ ಕೊಡಿ, ಏಕೆಂದರೆ ಎದ್ದು ಹೋದ ಮೇಲೆ ಮಾಡುವ ಕೆಲಸ ಎರಡಕ್ಕೂ ಬೇರೆ. ಕೆಂಪು-ಹಸಿರು ಜೋಡಿ ಬೇಡ, ಆ ಎರಡು ಬಣ್ಣದ ವ್ಯತ್ಯಾಸ ಕಾಣದ ಗಂಡಸರು ಎಲ್ಲ ಊರಲ್ಲೂ ಇದ್ದಾರೆ. ನಿದ್ದೆ ಗಾಢವಾದವರಿದ್ದರೆ, ಅಪಾಯದ ಬೆಳಕು ಹತ್ತು ನಿಮಿಷ ಮುಂದುವರಿದ ಮೇಲೆ ಮಾತ್ರ ಒಂದು ಪುಟ್ಟ ಬಜರ್ ಕೂಗಲಿ. ಬೇರೆ ಯಾವುದಕ್ಕೂ ಅದು ಕೂಗಕೂಡದು. ಗಡಿಯಲ್ಲಿ ದೀಪ ಪದೇ ಪದೇ ಬದಲಾಗದಂತೆ ಎರಡು ಗೆರೆ ಇಡಿ: 28ರ ಗಡಿ ಇದ್ದರೆ, 29 ದಾಟಿದಾಗ ಎಚ್ಚರಿಸಬೇಕು, 28ಕ್ಕೆ ಇಳಿದ ಮೇಲೆಯೇ ಸುಮ್ಮನಾಗಬೇಕು.

ಹುಳು ಬೆಳೆದ ಹಾಗೆ ಗಡಿ ಬದಲಾಗುತ್ತದಲ್ಲ, ಅದಕ್ಕೆ ಮೊಬೈಲಿನಲ್ಲಿ ಸೆಟ್ಟಿಂಗ್ ಇಡುವ ಬದಲು ದೀಪಕ್ಕೇ ಒಂದು ತಿರುಗುಣಿ ಕೂರಿಸಿ. ಐದು ಹಂತಕ್ಕೆ ಐದು ಗುರುತು, ಜೊತೆಗೆ ಮನೆ ಖಾಲಿ ಇರುವಾಗಿನ ಸೊನ್ನೆ. ಪ್ರತಿ ಜ್ವರ ಎದ್ದಾಗ ಸೊಪ್ಪು ಹಾಕಲು ಶುರು ಮಾಡುತ್ತಾರಲ್ಲ, ಆಗ ಒಂದು ಗುರುತು ಮುಂದಕ್ಕೆ ತಿರುಗಿಸಿದರೆ ಆಯಿತು. ಅವರ ಕೆಲಸದ ಲೆಕ್ಕವೇ ವಸ್ತುವಿನ ಲೆಕ್ಕವೂ ಆಗುತ್ತದೆ. ಓದು ಬಾರದ ಅಜ್ಜಿಯೂ ತಿರುಗಿಸಬಹುದು.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಇಎಸ್‌ಪಿ32 ಬೋರ್ಡು ಎರಡು ಬೇಕು, ಒಂದು ಹುಳು ಮನೆಗೆ, ಇನ್ನೊಂದು ದೀಪಕ್ಕೆ. ಅಗ್ಗದ ಡಿಎಚ್‌ಟಿ11 ಸೆನ್ಸರ್ ತೆಗೆದುಕೊಳ್ಳಬೇಡಿ, ಅದು ಎರಡು ಡಿಗ್ರಿ ಆಚೀಚೆ ತೋರಿಸುತ್ತದೆ, ಇಲ್ಲಿ ಪೂರ್ತಿ ಆಟವೇ ಎರಡು ಡಿಗ್ರಿಯದು. ಡಿಎಚ್‌ಟಿ22 ಅರ್ಧ ಡಿಗ್ರಿಯೊಳಗೆ ಹೇಳುತ್ತದೆ, ಎಸ್‌ಎಚ್‌ಟಿ31 ಇನ್ನೂ ಚೆನ್ನ. ಸೆನ್ಸರನ್ನು ಶೀಟಿನ ಹತ್ತಿರ ಕಟ್ಟದೆ ತಟ್ಟೆಗಳ ನಡುವಿನ ಎತ್ತರದಲ್ಲಿ ಕಟ್ಟಿ, ಹುಳುವಿಗೆ ತಾಕುವ ಗಾಳಿ ಅಲ್ಲಿರುವುದು. ಜ್ವರದ ಹೊತ್ತಿನಲ್ಲಿ ಸುಣ್ಣದ ಪುಡಿ ಎರಚುತ್ತಾರೆ, ಆಗ ಅದರ ಬಾಯಿ ಮುಚ್ಚಿಹೋಗದಂತೆ ತೆಳು ಬಟ್ಟೆ ಕಟ್ಟಿ. ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯುವಾಗ ಸೆನ್ಸರ್ ಬಿಚ್ಚಿ ಹೊರಗಿಡಬೇಕು, ಆ ಆವಿಗೆ ತೇವ ಅಳೆಯುವ ಪದರ ಕೆಡುತ್ತದೆ. ಬಿಚ್ಚಲು ಸುಲಭವಾಗುವಂತೆ ಪ್ಲಗ್ ಇಡಿ, ಬೆಸುಗೆ ಹಾಕಿ ಕೂರಿಸಬೇಡಿ.

ಹುಳು ಮನೆಯಿಂದ ಮಲಗುವ ಕೋಣೆಗೆ ಇಂಟರ್‌ನೆಟ್ ಬೇಕೇ ಇಲ್ಲ. ಇಎಸ್‌ಪಿ-ನೌ ಅನ್ನುವ ವಿಧಾನದಲ್ಲಿ ಎರಡು ಬೋರ್ಡುಗಳು ರೂಟರ್ ಇಲ್ಲದೆ ನೇರವಾಗಿ ಮಾತಾಡುತ್ತವೆ. ಎರಡೂ ಒಂದೇ ವೈಫೈ ಚಾನಲ್ಲಿನಲ್ಲಿರಬೇಕು, ಅಷ್ಟು ನೋಡಿಕೊಳ್ಳಿ. ತೋಟ ದೂರವಿದ್ದರೆ, ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಸುದ್ದಿ ಕಳಿಸುವ ಲೋರಾ ರೇಡಿಯೊ ಹಾಕಿ, ನಮ್ಮಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲ. ಐದು ನಿಮಿಷಕ್ಕೊಮ್ಮೆ ಸುದ್ದಿ ಬರಲಿ, ಮೂರು ಸಲ ಬರದಿದ್ದರೆ ದೀಪ ತಾನೇ ಆರಲಿ. ಬ್ಯಾಟರಿ ಜಾಗಕ್ಕೆ ಪವರ್ ಬ್ಯಾಂಕ್ ಇಟ್ಟು ಕರೆಂಟ್ ಉಳಿಸಲು ಬೋರ್ಡನ್ನು ನಡುನಡುವೆ ನಿದ್ದೆಗೆ ಹಾಕಿದರೆ, ಯಾರೂ ಬಳಸುತ್ತಿಲ್ಲ ಅಂದುಕೊಂಡು ಎಷ್ಟೋ ಪವರ್ ಬ್ಯಾಂಕ್‌ಗಳು ಆಫ್ ಆಗಿಬಿಡುತ್ತವೆ. 18650 ಅನ್ನುವ ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್ ಮತ್ತು ಅದರ ಚಾರ್ಜಿಂಗ್ ಬೋರ್ಡು ಬಳಸುವುದು ವಾಸಿ.

ಈಗ ಧೈರ್ಯದ ವಿಷಯ. ಅಮ್ಮ ಚಿಕ್ಕಬಳ್ಳಾಪುರದಲ್ಲಿ ಒಬ್ಬರೇ, ಮಗಳು ಬೆಂಗಳೂರಿನಲ್ಲಿ. ಮಗಳಿಗೆ ಮೊದಲು ಹೊಳೆಯುವುದು ನಡುಮನೆಯಲ್ಲೊಂದು ಕ್ಯಾಮೆರಾ. ಇಲ್ಲಿ ನಿಲ್ಲಿ, ಇದು ಯಾರ ಆಸೆ ಅಂತ ಕೇಳಿಕೊಳ್ಳಿ. ಅಮ್ಮ ಎದ್ದಿದ್ದಾರಾ ಅಂತ ತಿಳಿಯುವುದು ಮಗಳ ಆಸೆ. ತನ್ನ ಮನೆಯಲ್ಲಿ ತಾನು ಬೇಕಾದ ಹಾಗೆ ಇರುವುದು ಅಮ್ಮನ ಆಸೆ. ಕ್ಯಾಮೆರಾ ಮೊದಲನೆಯದನ್ನು ಪೂರೈಸಿ ಎರಡನೆಯದನ್ನು ಕಿತ್ತುಕೊಳ್ಳುತ್ತದೆ. ಇದು ನನಗೆ ಒಪ್ಪುವುದಿಲ್ಲ, ಎಷ್ಟೇ ಪ್ರೀತಿಯಿಂದ ಹಾಕಿದ್ದರೂ ಸರಿ.

ಇಬ್ಬರ ಆಸೆಯೂ ಉಳಿಯುವ ದಾರಿ ಇದೆ. ದೇವರ ಮನೆ ಬಾಗಿಲಿಗೆ ಒಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ, ದೂರ ಹೋದರೆ ಬದಲಾಗುವ ಸ್ವಿಚ್) ಮತ್ತು ಅಯಸ್ಕಾಂತ. ಅಮ್ಮ ಬೆಳಿಗ್ಗೆ ಬಾಗಿಲು ತೆಗೆದರೆ ಮಗಳ ರೂಮಿನಲ್ಲಿ ದೀಪ ಹತ್ತಬೇಕು. ಸಂಜೆ ಮಗಳು ರೂಮಿನ ಬಾಗಿಲು ತೆಗೆದರೆ ಅಮ್ಮನ ಅಡುಗೆ ಮನೆಯಲ್ಲಿ ದೀಪ ಹತ್ತಬೇಕು. ಒಂದೇ ಕಡೆಯವರಿಗೆ ಕಾಣುವಂತೆ ಮಾತ್ರ ಯಾವತ್ತೂ ಕಟ್ಟಬೇಡಿ. ಅಮ್ಮನ ಕೈಗೆ ಸಿಗುವಂತೆ ಒಂದು ನಿಜವಾದ ಸ್ವಿಚ್ಚೂ ಇರಲಿ, ಅವರು ಬೇಡ ಅಂದ ದಿನ ಆಫ್ ಮಾಡಬಹುದು, ಯಾಕೆ ಅಂತ ಯಾರಿಗೂ ಹೇಳಬೇಕಿಲ್ಲ. ಎಷ್ಟು ಗಂಟೆಗೆ ಎದ್ದರು ಅಂತ ಪಟ್ಟಿ ಉಳಿಸಬೇಡಿ.

ಇದಕ್ಕೆ ಇಂಟರ್‌ನೆಟ್ ಬೇಕು. ವಸ್ತುಗಳು ನೆಟ್‌ನಲ್ಲಿ ಒಂದಕ್ಕೊಂದು ಪುಟ್ಟ ಸುದ್ದಿ ಕಳಿಸುವ ಎಂಕ್ಯೂಟಿಟಿ ಬಳಸಿ. ದೂರದ ತೈಲ ಪೈಪ್‌ಲೈನುಗಳ ಸುದ್ದಿಯನ್ನು ಉಪಗ್ರಹದ ಮೂಲಕ ತರಿಸಲು ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ 1999ರಲ್ಲಿ ಮಾಡಿದ ಪದ್ಧತಿ ಇದು, ಹೋಗಿ ಬರುವ ನೆಟ್‌ವರ್ಕಿಗೇ ಹುಟ್ಟಿದ್ದು. ಅದರಲ್ಲಿ "ಲಾಸ್ಟ್ ವಿಲ್" ಅಂತ ಒಂದು ಸೌಲಭ್ಯ ಇದೆ. ಒಂದು ಕಡೆಯ ವಸ್ತು ಹೇಳದೆ ಕೇಳದೆ ಸಂಪರ್ಕ ಕಳೆದುಕೊಂಡರೆ, ನಡುವಿನ ಸರ್ವರ್ ಅದರ ಪರವಾಗಿ ಇನ್ನೊಂದು ಕಡೆಗೆ ತಿಳಿಸುತ್ತದೆ. ಊರಲ್ಲಿ ನೆಟ್ ಹೋಗಿರುವುದಕ್ಕೂ ಅಮ್ಮ ಎದ್ದಿಲ್ಲದಿರುವುದಕ್ಕೂ ವ್ಯತ್ಯಾಸ ತೋರಿಸಲು ಇದು ಬೇಕೇ ಬೇಕು, ಇಲ್ಲದಿದ್ದರೆ ಮಗಳು ಸುಮ್ನೆ ಗಾಬರಿಯಾಗುತ್ತಾಳೆ.

ಸರ್ವರ್ ನಿಮ್ಮದೇ ಇರಲಿ, ಅಥವಾ ಬೇರೆ ಕಡೆಗೆ ಸುಲಭವಾಗಿ ಬದಲಾಯಿಸುವಂತಿರಲಿ. ಮನೆಯ ಸ್ಮಾರ್ಟ್ ವಸ್ತುಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ರಿವಾಲ್ವ್ ಅನ್ನುವ ಹಬ್ ಇತ್ತು, 300 ಡಾಲರ್ ಬೆಲೆಯದು. ನೆಸ್ಟ್ ಕಂಪನಿ 2014ರಲ್ಲಿ ಅದನ್ನು ಕೊಂಡಿತು, 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ದುಡ್ಡು ಕೊಟ್ಟು ತಂದವರ ಮನೆಯಲ್ಲಿ ಚೆನ್ನಾಗಿದ್ದ ವಸ್ತು ಒಂದೇ ದಿನದಲ್ಲಿ ಕೆಲಸಕ್ಕೆ ಬಾರದಾಯಿತು. ನೀವು ಕಟ್ಟುವುದು ನೆಟ್ ಇಲ್ಲದ ದಿನವೂ ಏನಾದರೂ ಕೆಲಸಕ್ಕೆ ಬರಬೇಕು. ದೀಪವಾದರೆ ಕನಿಷ್ಠ ಸ್ವಿಚ್ ಒತ್ತಿದರೆ ಹತ್ತಬೇಕು.

ಕಟ್ಟಿದ ಮೇಲೆ ಪರೀಕ್ಷೆ. ದೀಪದ ಭಾಷೆಯ ಆ ಮೂರು ಮಾತು ಹೇಳಿ, ಮನೆಯವರ ಕೈಗೆ ಕೊಟ್ಟು ಬಂದುಬಿಡಿ. ಹುಳು ಮನೆಯದಾದರೆ ಒಂದು ಪೂರ್ತಿ ಬೆಳೆ, ಅಂದರೆ ಸುಮಾರು 25 ದಿನ ಬಿಡಿ. ಆಮೇಲೆ ಹೋಗಿ "ಚೆನ್ನಾಗಿದೆಯಾ?" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ದೀಪ ಎಲ್ಲಿದೆ ಅಂತ ನೋಡಿ. ಗೋಡೆ ಕಡೆ ತಿರುಗಿಸಿಟ್ಟಿದ್ದರೆ ಬೆಳಕು ಜಾಸ್ತಿಯಾಯಿತು. ಮೇಲೆ ಬಟ್ಟೆ ಬಿದ್ದಿದ್ದರೆ ಅದು ಸುಳ್ಳು ಸುಳ್ಳೇ ಎಬ್ಬಿಸುತ್ತಿದೆ, ಗಡಿ ಸರಿಪಡಿಸಿ. ಅವರು ತಾವಾಗಿಯೇ ಅದನ್ನು ಬೇರೆ ಜಾಗಕ್ಕೆ ಒಯ್ದಿದ್ದರೆ ಆ ಜಾಗವೇ ಸರಿ, ವೈರ್ ಅಲ್ಲಿಗೆ ಎಳೆದುಕೊಡಿ. ಬರುವ ಮೊದಲು ಡಬ್ಬಿಯ ಒಳಮೈಗೆ ಒಂದು ಚೀಟಿ ಅಂಟಿಸಿ: ಯಾವ ಸೆಲ್, ಯಾವ ಸೆನ್ಸರ್, ವೈಫೈ ಪಾಸ್‌ವರ್ಡ್ ಬದಲಾದರೆ ಯಾವ ಬಟನ್ ಒತ್ತಬೇಕು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಿರಿ.