ಬೇಳೆಯ ಡಬ್ಬ ಮತ್ತು ನಮ್ಮೂರಿನ ಬಿಸಿಲು

ತಿಂಗಳ ಕಿರಾಣಿ ಚೀಟಿಯಿಂದ ಮೊದಲು ತೊಗರಿ ಬೇಳೆಯನ್ನು ಹೊಡೆದುಹಾಕಿ. ಕಲಬುರಗಿಯಲ್ಲಿ ಮನೆ ಮಾಡಿಕೊಂಡವರು ಅದನ್ನು ವರ್ಷಕ್ಕೊಮ್ಮೆ ಕೊಳ್ಳಬೇಕು.

ಮೊನ್ನೆ ಅಕ್ಕನ ಮಗಳು ಬಂದಿದ್ದಳು. ಗಂಡ, ಇಬ್ಬರು ಮಕ್ಕಳು, ಹೊಸ ಬಾಡಿಗೆ ಮನೆ. ಪರ್ಸಿನಿಂದ ಉದ್ದನೆಯ ಬಿಲ್ಲು ತೆಗೆದು, “ಚಿಗವ್ವ, ನಾಲ್ಕು ಜನರ ಊಟಕ್ಕೇ ಇಷ್ಟು ಹೋಗುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ ನೋಡು” ಎಂದಳು. ಕನ್ನಡಕ ಹಾಕಿಕೊಂಡು ಓದಿದೆ. ಅರ್ಧ ಕಿಲೋದ ಬೇಳೆ ಪೊಟ್ಟಣ ಆರು, ಜೋಳದ ಹಿಟ್ಟಿನ ಪೊಟ್ಟಣ, ಕಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಹುಣಸೆಹಣ್ಣಿನ ರಸದ ಬಾಟಲಿ. ಹೆಚ್ಚಿನದೆಲ್ಲ ನಮ್ಮ ಸುತ್ತಲಿನ ಹೊಲಗಳಲ್ಲೇ ಬೆಳೆಯುವಂಥದ್ದು. ಅದನ್ನೇ ಬಣ್ಣದ ಚೀಲದಲ್ಲಿ ತುಂಬಿಸಿಕೊಂಡು, ಹೆಚ್ಚು ದುಡ್ಡು ಕೊಟ್ಟು, ಸ್ವಲ್ಪ ಸ್ವಲ್ಪವಾಗಿ ತರುತ್ತಿದ್ದಾಳೆ. ಆ ದಿನ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರಿನಿಂದ ನಮ್ಮೂರಿನ ಧಾನ್ಯದ ಪೇಟೆಯಾದ ನೆಹರೂ ಗಂಜ್‌ಗೆ ಬರತೊಡಗುತ್ತದೆ. ಜನವರಿ, ಫೆಬ್ರುವರಿಯಲ್ಲಿ ಆವಕ ಹೆಚ್ಚಿದಂತೆ ಸಾಮಾನ್ಯವಾಗಿ ದರ ತಗ್ಗುತ್ತದೆ. ಶ್ರಾವಣ ಬಂತೆಂದರೆ ಹಬ್ಬಗಳು ಸಾಲುಗಟ್ಟುತ್ತವೆ, ಹೋಳಿಗೆಗೂ ಸಾರಿಗೂ ಬೇಳೆ ಬೇಕು, ಹಳೆಯ ದಾಸ್ತಾನು ಕರಗಿರುತ್ತದೆ. ಆಗ ಅಂಗಡಿಯವರು ಹೇಳಿದ್ದೇ ದರ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಕಿಲೋ ಹಿಡಿದರೂ ವರ್ಷಕ್ಕೆ 48 ಕಿಲೋ ಆಯಿತು. ಅಷ್ಟಕ್ಕೂ ಒಮ್ಮೆಲೇ ದುಡ್ಡು ಹೊಂದಿಸುವುದು ಎಲ್ಲರಿಂದಲೂ ಆಗುವುದಿಲ್ಲ, ನನ್ನಿಂದಲೂ ಮೊದಲ ಹತ್ತು ವರ್ಷ ಆಗಲಿಲ್ಲ. ಹಾಗಿರುವವರು ಆಷಾಢದಿಂದ ದೀಪಾವಳಿಯವರೆಗಿನ ದುಬಾರಿ ತಿಂಗಳುಗಳಿಗೆ ಬೇಕಾಗುವ 20 ಕಿಲೋವನ್ನಾದರೂ ಸುಗ್ಗಿಯಲ್ಲಿ ಎತ್ತಿಡಿ. ಓಣಿಯ ಮೂರು ಮನೆಯವರು ಸೇರಿದರೆ ಒಂದು ಕ್ವಿಂಟಲ್ ತೆಗೆದುಕೊಂಡು ಹಂಚಿಕೊಳ್ಳಬಹುದು. ದೊಡ್ಡ ಚೀಲ ಕೊಳ್ಳುವವರಿಗೆ ಚೌಕಾಸಿ ಮಾಡಲು ಬಾಯಿ ಬರುತ್ತದೆ.

ದರ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಲೆಕ್ಕವಿದೆ. ಒಂದು ಕ್ವಿಂಟಲ್ ತೊಗರಿ ಕಾಳು ಒಡೆದರೆ ಸುಮಾರು 70 ಕಿಲೋ ಬೇಳೆ ಸಿಗುತ್ತದೆ. ಉಳಿದದ್ದು ಹೊಟ್ಟು, ನುಚ್ಚು. ಪತ್ರಿಕೆಯ ಪೇಟೆ ಧಾರಣೆಯಲ್ಲಿ ತೊಗರಿಯ ಕ್ವಿಂಟಲ್ ದರ ನೋಡಿ 70ರಿಂದ ಭಾಗಿಸಿ. 2025-26ರ ಹಂಗಾಮಿಗೆ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆ 8,000 ರೂಪಾಯಿ. ಆ ದರದ ಕಾಳಿನಿಂದ ಬಂದ ಬೇಳೆಗೆ ಕಿಲೋಗೆ 114 ರೂಪಾಯಿ ಬಿದ್ದಂತಾಯಿತು. ಅದರ ಮೇಲೆ ಗಿರಣಿಯ ಕೂಲಿ, ಸಾಗಣೆ, ವ್ಯಾಪಾರಿಯ ಲಾಭ ಎಂದು ಹತ್ತು ಹದಿನೈದು ರೂಪಾಯಿ ಕೊಡುವುದು ನ್ಯಾಯ. ಅದಕ್ಕಿಂತ ಬಹಳ ಮೇಲೆ ಹೋದರೆ ಇನ್ನೊಂದು ಅಂಗಡಿ ನೋಡಿ. ಬಹಳ ಕೆಳಗೆ ಇಳಿದರೂ ಅನುಮಾನವಿರಲಿ. ಹಿಡಿ ಬೇಳೆಯನ್ನು ಅಂಗೈಯಲ್ಲಿ ಹರಡಿ ನೋಡಿ. ತೊಗರಿ ಬೇಳೆ ದುಂಡಗೆ ಉಬ್ಬಿಕೊಂಡಿರುತ್ತದೆ. ಮೂಲೆ ಮೂಲೆಯಾಗಿ, ಕೊಡಲಿಯ ಬಾಯಂತೆ ಚಪ್ಪಟೆಯಾಗಿರುವ ಕಾಳು ಕಂಡರೆ ಅದು ಕೇಸರಿ ಬೇಳೆಯಿರಬಹುದು. ಅದನ್ನು ಬಹಳ ದಿನ ಹೆಚ್ಚಾಗಿ ತಿಂದರೆ ಕಾಲಿನ ಶಕ್ತಿಯೇ ಹೋಗಬಹುದು. ಹಾಗೆಯೇ ಅರಿಸಿನ ಕಲಸಿದಂತೆ ಕಣ್ಣು ಕುಕ್ಕುವ ಹಳದಿ ಬಣ್ಣಕ್ಕೂ ಮರುಳಾಗಬೇಡಿ. ಪಾಲಿಶ್ ಮಾಡದ ಬೇಳೆ ಮಂಕಾಗಿಯೇ ಇರುತ್ತದೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಅದು ಬಂದದ್ದು ರುಚಿಗಾಗಿ, ಹೊಳಪಿಗಾಗಿ ಅಲ್ಲ. ದಿನದ ಸಾರಿಗೆ ಒಡಕು ಬೇಳೆ ತಂದರೂ ನಡೆಯುತ್ತದೆ. ದರ ಕಡಿಮೆ, ಬೇಗ ಬೇಯುತ್ತದೆ, ಕಡೆದ ಮೇಲೆ ಇಡೀ ಬೇಳೆಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಕೊಂಡದ್ದನ್ನು ವರ್ಷ ಕಾಯುವುದು ನಮ್ಮ ಬಿಸಿಲು. ಎಲ್ಲರೂ ಈ ಬಿಸಿಲನ್ನು ಬೈಯುತ್ತಾರೆ. ನಾನು ಬೈಯುವುದಿಲ್ಲ, ನನ್ನ ಅಡುಗೆಮನೆ ಅದರ ಋಣದಲ್ಲಿದೆ. ಮಾರ್ಚಿನಲ್ಲಿ ಶಹಾಬಾದ್ ಕಲ್ಲಿನ ಮಾಳಿಗೆ ಬರಿಗಾಲಿಡಲಾಗದಷ್ಟು ಕಾಯುವ ದಿನ ನೋಡಿ, ಹಳೆಯ ಸೀರೆ ಹಾಸಿ ಬೇಳೆಯನ್ನು ಬೆರಳಿನ ದಪ್ಪಕ್ಕೆ ಹರಡಿ. ಎರಡು ದಿನ ಒಣಗಲಿ, ಮಧ್ಯೆ ಮಧ್ಯೆ ಕೈಯಾಡಿಸಿ. ಸಂಜೆ ಒಳಗೆ ತನ್ನಿ, ಇಬ್ಬನಿಗೆ ಬಿಡಬೇಡಿ. ಮೂರನೆಯ ದಿನ ಕಿಲೋಗೆ ಒಂದು ಸಣ್ಣ ಚಮಚದ ಲೆಕ್ಕದಲ್ಲಿ ಹರಳೆಣ್ಣೆಯನ್ನು ಎರಡೂ ಅಂಗೈಗೆ ಸವರಿಕೊಂಡು, ಮಗುವಿನ ತಲೆಗೆ ಎಣ್ಣೆ ತಿಕ್ಕುವಂತೆ ಬೇಳೆಯನ್ನು ಮೃದುವಾಗಿ ಉಜ್ಜಿ. ಒಂದು ಬೇಳೆಯೂ ಒಣಗಿ ಉಳಿಯಬಾರದು, ಯಾವುದೂ ಜಿಡ್ಡಾಗಿ ಅಂಟಿಕೊಳ್ಳಬಾರದು. ಎಣ್ಣೆಯ ಪೊರೆ ಇದ್ದರೆ ಹುಳ ಮೊಟ್ಟೆ ಇಡಲು ಒಪ್ಪುವುದಿಲ್ಲ. ಮತ್ತೆ ಅರ್ಧ ದಿನ ಬಿಸಿಲು ತೋರಿಸಿ. ಒಂದು ಬೇಳೆಯನ್ನು ಹಲ್ಲಿನ ನಡುವೆ ಇಟ್ಟು ಕಡಿದರೆ ಕಟ್ ಎಂದು ಎರಡಾಗಬೇಕು. ಹಲ್ಲಿಗೆ ಮೆತ್ತಿಕೊಂಡರೆ ಇನ್ನೊಂದು ದಿನದ ಬಿಸಿಲು ಬೇಕೆಂದು ಅರ್ಥ.

ಇಷ್ಟು ಮಾಡಿಯೂ ಒಂದು ವರ್ಷ ನಾನು 25 ಕಿಲೋ ಬೇಳೆ ಕೆಡಿಸಿದೆ. ಮಗಳ ಮದುವೆಯ ಗಡಿಬಿಡಿ. ಬಿಸಿಲಿನಿಂದ ಎತ್ತಿದ ಬೇಳೆಯನ್ನು ಬಿಸಿಬಿಸಿ ಇರುವಾಗಲೇ ತಗಡಿನ ಡಬ್ಬಕ್ಕೆ ಸುರಿದು ಮುಚ್ಚಳ ಬಿಗಿದೆ. ಒಳಗೆ ಬೆವರೊಡೆದು ಆಷಾಢದ ಹೊತ್ತಿಗೆ ಬೂಸಲು ಹಿಡಿದಿತ್ತು. ಮುಚ್ಚಳ ತೆಗೆದಾಗ ಬಂದ ಆ ಮುಗ್ಗಲು ವಾಸನೆ ಇನ್ನೂ ಮರೆತಿಲ್ಲ. ಅನ್ನದ ವಸ್ತುವನ್ನು ಚೆಲ್ಲಬೇಕಾಗಿ ಬಂದ ಆ ಸಂಕಟಕ್ಕೆ, ಅಂದಿನಿಂದ ಒಂದು ರಾತ್ರಿ ಪೂರ್ತಿ ಮನೆಯೊಳಗೆ ಆರಿಸಿ, ಬೆಳಗ್ಗೆ ಕೈಗೆ ತಣ್ಣಗೆ ಹತ್ತಿದ ಮೇಲೆಯೇ ತುಂಬುತ್ತೇನೆ. ತಳಕ್ಕೆ, ನಡುವೆ, ಮೇಲೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಹಾಕುತ್ತೇನೆ. ವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಕ್ಕೆ ತೆಗೆದಿಟ್ಟುಕೊಂಡರೆ ದೊಡ್ಡದರ ಬಾಯಿ ಮೇಲಿಂದ ಮೇಲೆ ತೆರೆಯಬೇಕಾಗಿಲ್ಲ.

ಇನ್ನು ಒಲೆಯ ಖರ್ಚು. “ಬೇಳೆ ಬೇಯುವುದೇ ಇಲ್ಲ, ಎಂಟು ಸೀಟಿ ಹಾಕಿಸುತ್ತೇನೆ” ಎಂದು ಅಕ್ಕನ ಮಗಳು ಹೇಳಿದಾಗ ಯಾವ ನೀರು ಎಂದು ಕೇಳಿದೆ. ಬೋರ್‌ವೆಲ್ ನೀರಂತೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಅದರಲ್ಲಿ ಬೇಳೆ ಎಷ್ಟು ಕುದಿಸಿದರೂ ಕಾಳಾಗಿಯೇ ನಿಲ್ಲುತ್ತದೆ. ಭೀಮಾ ನದಿಯ ನಲ್ಲಿ ನೀರು ಬಂದ ದಿನ ಎರಡು ಕೊಡ ಅಡುಗೆಗೆಂದು ಬೇರೆ ಹಿಡಿದಿಡಿ. ಬೇಳೆಯನ್ನು ಬಿಸಿ ನೀರಿನಲ್ಲಿ ತೊಳೆದು ಹರಳೆಣ್ಣೆ ಬಿಡಿಸಿ, ಅರ್ಧ ಗಂಟೆ ನೆನೆಸಿ. ಒಂದು ಸೀಟಿಯಾದ ಮೇಲೆ ಉರಿ ಸಣ್ಣ ಮಾಡಿದರೆ ಎಂಟರ ಕೆಲಸ ಮೂರಕ್ಕೆ ಮುಗಿಯುತ್ತದೆ. ಉಪ್ಪು, ಹುಣಸೆಹುಳಿ, ಟೊಮೆಟೊ ಎಲ್ಲ ಬೇಳೆ ಬೆಂದ ಮೇಲೆ. ಹುಳಿ ಬಿದ್ದರೆ ಬೇಳೆ ಬಿಗಿದುಕೊಳ್ಳುತ್ತದೆ. ಅಡುಗೆ ಸೋಡಾ ಹಾಕಬೇಡಿ, ರುಚಿಯೂ ಸತ್ವವೂ ಹೋಗುತ್ತವೆ.

ಪುಂಡಿ ಪಲ್ಯಕ್ಕೂ ಇದೇ ಕಾರಣಕ್ಕೆ ಬೇಳೆಯನ್ನು ಬೇರೆ ಬೇಯಿಸುತ್ತೇವೆ, ಅಷ್ಟು ಹುಳಿ ಆ ಸೊಪ್ಪಿನದು. ಖರ್ಚು ಉಳಿಸುವ ಅಡುಗೆ ಯಾವುದೆಂದು ಕೇಳಿದರೆ ನಾನು ಮೊದಲು ಅದರ ಹೆಸರನ್ನೇ ಹೇಳುತ್ತೇನೆ. ಸೊಪ್ಪನ್ನು ಕುದಿಸಿ ನೀರು ಬಸಿದು, ಒಂದು ಹಿಡಿ ಬೆಂದ ಬೇಳೆ, ಒಂದು ಹಿಡಿ ಜೋಳದ ನುಚ್ಚು, ಅರೆದ ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ಕಡೆದು, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಸುರಿದರೆ ಐದು ಜನಕ್ಕೆ ಎರಡು ಹೊತ್ತಿಗಾಗುತ್ತದೆ. ಮರುದಿನ ಇನ್ನೂ ರುಚಿ. ಕಣ್ಣಿ ಮಾರ್ಕೆಟ್‌ಗೆ ಸಂಜೆ ಹೋದರೆ ಸೊಪ್ಪು ಮಾರುವ ಹೆಣ್ಣುಮಕ್ಕಳು ಉಳಿದ ಕಟ್ಟುಗಳನ್ನು ಕಡಿಮೆಗೆ ಕೊಟ್ಟು ಊರ ಬಸ್ಸು ಹಿಡಿಯುವ ಆತುರದಲ್ಲಿರುತ್ತಾರೆ. ಆದರೆ ಅವರ ಬಳಿ ಎರಡು ರೂಪಾಯಿಗೆ ಜಗ್ಗಾಡಬೇಡಿ. ಬೆಳಗಿನ ಜಾವ ಹೊರೆ ಹೊತ್ತು ಬಂದವರು ಅವರು.

ಜೋಳದ ವಿಷಯದಲ್ಲಿ ಕಾಳು ಕೊಳ್ಳಿ, ಹಿಟ್ಟು ಕೊಳ್ಳಬೇಡಿ. ಹಿಂಗಾರಿ ಜೋಳ ಫೆಬ್ರುವರಿ, ಮಾರ್ಚಿನಲ್ಲಿ ಬರುತ್ತದೆ. ತವರಿನಲ್ಲಿ ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ನಮಗೆ ಒಣಗಿಸಿದ ಡ್ರಮ್ಮು ಸಾಕು. ಹತ್ತು ದಿನಕ್ಕೆ ಆಗುವಷ್ಟೇ ಗಿರಣಿಗೆ ಕೊಡಿ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಬಡಿಯುವಾಗಲೇ ಅಂಚು ಒಡೆಯುತ್ತದೆ, ಪೊಟ್ಟಣದ ಹಿಟ್ಟಿನ ರೊಟ್ಟಿ ಬಿರಿಯುವುದು ಇದಕ್ಕೇ. ಹಾಗಾದ ಹಿಟ್ಟನ್ನು ಕುದಿಯುವ ಎಸರಿನಲ್ಲಿ ಕಲಸಿ ಚೆನ್ನಾಗಿ ನಾದಿದರೆ ಸುಧಾರಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಈರುಳ್ಳಿ, ಮೆಂತ್ಯ ಸೊಪ್ಪು ಹಾಕಿ ತಾಲಿಪಟ್ಟು ತಟ್ಟಿ, ಇಲ್ಲವೇ ಅಂಬಲಿ ಕಾಸಿ. ವಾರಕ್ಕೊಂದು ದಿನ ಕುಳಿತು ಮೂವತ್ತು ರೊಟ್ಟಿ ಬಡಿದು ಕಡಕ್ ಮಾಡಿಟ್ಟರೆ ಆ ಕಟ್ಟನ್ನೂ ಕೊಳ್ಳಬೇಕಾಗಿಲ್ಲ.

ಮೆಣಸಿನಕಾಯಿ, ಹುಣಸೆಹಣ್ಣು, ಶೇಂಗಾ ಎಲ್ಲವೂ ಬೇಸಿಗೆ ಮುಗಿಯುವುದರೊಳಗೆ ಮನೆಗೆ ಬಂದು ಬಿಸಿಲು ಕಂಡಿರಬೇಕು. ಹುಣಸೆಯನ್ನು ಬೀಜ ತೆಗೆದು ಉಪ್ಪು ಬೆರೆಸಿ ಉಂಡೆ ಕಟ್ಟಿಡಿ. ಎಣ್ಣೆಯನ್ನು ತಿಂಗಳ ಮೊದಲ ದಿನ ಒಂದು ಬಾಟಲಿಗೆ ಅಳೆದು ಹಾಕಿ, ಅದು ಮುಗಿಯುವವರೆಗೆ ದೊಡ್ಡ ಡಬ್ಬ ಮುಟ್ಟಬೇಡಿ. ಕೊಳ್ಳಲೇಬೇಕಾದ ಪೊಟ್ಟಣಗಳ ಮೇಲೆ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಎಂಬ ದರವೂ ಈಗ ಅಚ್ಚಾಗಿರುತ್ತದೆ. ಸಣ್ಣಕ್ಷರದ ಆ ಸಾಲನ್ನು ಹೋಲಿಸಿ ನೋಡಿ, ದೊಡ್ಡಕ್ಷರದ ರಿಯಾಯಿತಿಯನ್ನಲ್ಲ.

ವರ್ಷದ ಕೊನೆಗೆ ಡಬ್ಬದಲ್ಲಿ ಒಂದೆರಡು ಕಿಲೋ ಬೇಳೆ ಉಳಿದರೆ ಅದರ ಮೇಲೆಯೇ ಹೊಸದನ್ನು ಸುರಿಯಬೇಡಿ. ಹಳೆಯದರಲ್ಲಿ ಒಂದು ಹುಳವಿದ್ದರೂ ಹೊಸದಕ್ಕೆ ಹತ್ತುತ್ತದೆ. ಆ ಹಳೆಯ ಬೇಳೆಯನ್ನು ಆರಿಸಿ ತೊಳೆದು ಒಣಗಿಸಿ, ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಉಪ್ಪು ಹಾಕಿ ಪುಡಿ ಮಾಡಿ. ಬಿಸಿ ಅನ್ನಕ್ಕೆ ಅದೂ ತುಪ್ಪವೂ ಇದ್ದ ದಿನ ಬೇರೆ ಸಾರು ಬೇಕಿಲ್ಲ. ಖಾಲಿ ಡಬ್ಬವನ್ನು ತೊಳೆದು, ಬಾಯಿ ಮೇಲೆ ಮಾಡಿ, ಎರಡು ದಿನ ಮಾಳಿಗೆಯ ಬಿಸಿಲಿಗಿಟ್ಟು, ಹೊಸ ತೊಗರಿ ಬರುವುದನ್ನು ಕಾಯಿರಿ.