ಹಳೆ ಕರಿಮದ್ದಿನ ರೈಫಲ್‌ಗೆ ಹೊಗೆರಹಿತ ಮದ್ದು ತುಂಬುವ ಮುನ್ನ

ಮೊದಲು ತಕ್ಕಡಿ ಬದಿಗಿಡಿ, ರೈಫಲ್ ನೋಡಿ. ಬ್ರೀಚ್ (ನಳಿಗೆಯ ಹಿಂತುದಿ, ಕಾಡತೂಸು ಹಾಕುವ ಕಡೆ) ಅಲ್ಲಾಡುತ್ತಿದ್ದರೆ, ನಳಿಗೆಯೊಳಗೆ ತುಕ್ಕಿನ ಗುಳಿ ಬಿದ್ದಿದ್ದರೆ, ಇಲ್ಲವೇ ಅದು ಕಬ್ಬಿಣ-ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಯಾಗಿದ್ದರೆ, ಹೊಗೆರಹಿತ ಮದ್ದಿನ ಆಸೆ ಅಲ್ಲಿಗೇ ಬಿಡಿ. ಗಟ್ಟಿಯಾಗಿ ಕಂಡರೂ ಒಮ್ಮೆ ಬಂದೂಕು ರಿಪೇರಿ ಗೊತ್ತಿರುವವರಿಗೆ ತೋರಿಸಿ.

ಜಾಸ್ತಿ ಜನ ಎಡವುವುದು ಕಾಡತೂಸಿನ ಹೆಸರಿನಲ್ಲಿ. ಉದಾಹರಣೆಗೆ 45-70 ಕಾಡತೂಸು ಅಂದರೆ ಎಲ್ಲ ಒಂದೇ ಅಲ್ವಾ ಅನಿಸುತ್ತದೆ. ಅಲ್ಲ. ಮದ್ದಿನ ಅಳತೆ ಕೊಡುವ ಲೋಡಿಂಗ್ ಕೈಪಿಡಿಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಮೂರು ಭಾಗ ಇರುತ್ತದೆ: 1873ರ ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್‌ನಂಥ ಹಳಬಗಳಿಗೆ ಒಂದು, ಕೆಳಗಿನ ಹಿಡಿ ಎಳೆದು ಕಾಡತೂಸು ಏರಿಸುವ ಲಿವರ್ ಆಕ್ಷನ್‌ಗೆ ಒಂದು, ಈಗಿನ ಗಟ್ಟಿ ರೈಫಲ್‌ಗಳಿಗೆ ಒಂದು. ನಿಮ್ಮದು ಮೊದಲನೆಯದು, ಅದರಲ್ಲೂ ಎಲ್ಲಕ್ಕಿಂತ ಕಡಿಮೆಯ ಆರಂಭದ ಅಳತೆ. ಪ್ರೈಮರ್ (ಕಾಡತೂಸಿನ ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಒತ್ತಡಕ್ಕೆ ಚಪ್ಪಟೆಯಾದರೆ ನಿಲ್ಲಿಸುತ್ತೇನೆ ಅನ್ನಬೇಡಿ, ಆ ಗುರುತು ಕಾಣುವಷ್ಟರಲ್ಲಿ ಹಳೆ ಉಕ್ಕು ತನ್ನ ಮಿತಿ ಎಂದೋ ದಾಟಿರಬಹುದು.

ಕರಿಮದ್ದು ಕೇಸಿನ, ಅಂದರೆ ಕಾಡತೂಸಿನ ಲೋಹದ ಕೋಶದ, ತುಂಬ ಕೂರುತ್ತದೆ, 45-70ರಲ್ಲಿ ಆ 70 ಅಂದರೆ 70 ಗ್ರೇನ್ (ಸುಮಾರು 4.5 ಗ್ರಾಂ) ಕರಿಮದ್ದು. ಹೊಗೆರಹಿತ ಮದ್ದು ಅದಕ್ಕಿಂತ ಎಷ್ಟೋ ಕಡಿಮೆ, ಹಾಗಾಗಿ ಮರೆತು ಎರಡು ಸಲ ಸುರಿದರೂ ಕೇಸು ಉಕ್ಕುವುದಿಲ್ಲ, ತಪ್ಪು ಗೊತ್ತೇ ಆಗುವುದಿಲ್ಲ! ಗುಂಡು ಕೂರಿಸುವ ಮುಂಚೆ ಎಲ್ಲ ಕೇಸುಗಳನ್ನೂ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ ಟಾರ್ಚ್ ಬಿಟ್ಟು ಒಂದೊಂದಾಗಿ ಇಣುಕಿ, ಒಂದರಲ್ಲಿ ಮದ್ದು ಮೇಲಕ್ಕಿದ್ದರೆ ಸುಮ್ನೆ ಬಿಡದೆ ಪೂರ್ತಿ ಸುರಿದು ಮತ್ತೆ ತೂಗಿ. ಕರಿಮದ್ದಿನ ಅಳತೆ ಚಮಚವನ್ನಂತೂ ಇದಕ್ಕೆ ಮುಟ್ಟಲೇಬೇಡಿ.

ಗುಂಡು ಮೆತ್ತನೆ ಸೀಸದ್ದೇ ಇರಲಿ. ಹಳೆ ನಳಿಗೆಗಳ ಅಳತೆ ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಸೀಸದ ತುಂಡೊಂದನ್ನು ಒಳಗಿಂದ ತಳ್ಳಿ ತೆಗೆದು ಮೈಕ್ರೋಮೀಟರ್‌ನಲ್ಲಿ ಅಳೆದೇ ಗುಂಡು ಆರಿಸಿ.