ಸಿಎಸ್‌ಎಸ್ ಕಲಿಯುವವರೇ, ಮೊದಲು ಒತ್ತಕ್ಷರದ ಕಡೆ ನೋಡಿ

ಸಿಎಸ್‌ಎಸ್ ಎಂಬ ವಿನ್ಯಾಸದ ಭಾಷೆಯಲ್ಲಿ ವೆಬ್ ಪುಟ ಅಲಂಕರಿಸಲು ಹೊರಟವರು ಬಣ್ಣ, ನೆರಳು, ಅನಿಮೇಷನ್‌ಗಳಿಗೆ ಆಮೇಲೆ ಕೈ ಹಾಕಿ. ಮೊದಲು ಒಂದು ಪ್ಯಾರಾ ಕನ್ನಡವನ್ನು ಕಣ್ಣಿಗೆ ಹಿತವಾಗುವಂತೆ ಕೂರಿಸಿ ನೋಡಿ.

ಇಂಗ್ಲಿಷ್ ಪಾಠಗಳಿಂದ ಎತ್ತಿಕೊಂಡ 1.2 ಲೈನ್-ಹೈಟ್ (ಅಕ್ಷರದ ಗಾತ್ರದ 1.2 ಪಟ್ಟು ಸಾಲಿನ ಎತ್ತರ) ನಮ್ಮ ಲಿಪಿಗೆ ಸಾಲದು. ‘ರಾಷ್ಟ್ರ’, ‘ಸ್ತ್ರೀ’ ಎಂದು ಬರೆದರೆ ಒತ್ತಿನ ಕೆಳಗೆ ಒತ್ತು ಇಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುವಂತಾಗುತ್ತದೆ. ನಾನು 1.7 ಇಡುತ್ತೇನೆ. ಆ ಸಂಖ್ಯೆಗೆ ಪಿಕ್ಸೆಲ್ ಅಂಟಿಸಬೇಡಿ. ಬರೀ ಸಂಖ್ಯೆಯಾದರೆ ಶೀರ್ಷಿಕೆಯ ಅಕ್ಷರ ದೊಡ್ಡದಾದಾಗ ಸಾಲಿನ ಅಂತರವೂ ಜೊತೆಗೇ ಹಿಗ್ಗುತ್ತದೆ. ಇಡೀ ಪುಟವನ್ನು ಹಿಡಿದಿರುವ ‘ಬಾಡಿ’ ಟ್ಯಾಗ್‌ಗೆ 24 ಪಿಕ್ಸೆಲ್ ಲೈನ್-ಹೈಟ್ ಎಂದು ಕಟ್ಟಿಹಾಕಿದರೆ ಶೀರ್ಷಿಕೆಗೂ ಅದೇ 24 ದಾಟಿಬರುತ್ತದೆ. ಬಟನ್‌ಗಳಿಗೆ ನಿಗದಿತ ಎತ್ತರ ಕೊಡುವ ಚಾಳಿಯನ್ನೂ ಬಿಡಿ, ಪ್ಯಾಡಿಂಗ್ (ಅಂಚಿಗೂ ಅಕ್ಷರಕ್ಕೂ ನಡುವಿನ ಖಾಲಿ ಜಾಗ) ಕೊಡಿ. ಅಕ್ಷರಗಳ ನಡುವೆ ಅಂತರ ಬಿಡಿಸುವ ಲೆಟರ್-ಸ್ಪೇಸಿಂಗ್ ಅಂತೂ ಕನ್ನಡಕ್ಕೆ ಬೇಡವೇ ಬೇಡ ಎಂಬುದು ನನ್ನ ಹಟ.

ಇನ್ನೊಂದು ಕಾಟ ಎಲ್ಲರಿಗೂ ತಪ್ಪದ್ದು. 300 ಪಿಕ್ಸೆಲ್ ಅಗಲ ಎಂದು ಬರೆದ ಪೆಟ್ಟಿಗೆ ಪರದೆಯ ಮೇಲೆ 342 ಆಗಿ ಕೂತಿರುತ್ತದೆ. ಎರಡೂ ಬದಿಯ 20 ಪ್ಯಾಡಿಂಗ್, 1 ಬಾರ್ಡರ್ ಹೊರಗಿನಿಂದ ಸೇರಿಕೊಂಡ ಲೆಕ್ಕ ಅದು. ಇದು ತಿಳಿಯದೆ ನಾನು ಒಂದು ಇಡೀ ಭಾನುವಾರ ಕಳೆದೆ! ಬಾಕ್ಸ್-ಸೈಜಿಂಗ್‌ಗೆ ಬಾರ್ಡರ್-ಬಾಕ್ಸ್ ಎಂದು ಬರೆದರೆ ಎಲ್ಲವೂ 300ರೊಳಗೇ ಅಡಗುತ್ತದೆ.

ಏನಾದರೂ ಕೆಟ್ಟರೆ ಕೋಡ್ ದಿಟ್ಟಿಸುತ್ತಾ ಕೂರಬೇಡಿ. ಬ್ರೌಸರ್‌ನಲ್ಲಿ ಆ ಭಾಗದ ಮೇಲೆ ಬಲ ಕ್ಲಿಕ್ ಮಾಡಿ, ‘ಇನ್‌ಸ್ಪೆಕ್ಟ್’ ತೆರೆಯಿರಿ. ಗೆರೆ ಹೊಡೆದ ಸಾಲು ಕಂಡರೆ, ಅದನ್ನು ಬೇರೊಂದು ನಿಯಮ ಮೀರಿಸಿದೆ ಇಲ್ಲವೇ ನೀವು ಕಾಗುಣಿತ ತಪ್ಪಿದ್ದೀರಿ. ನನ್ನದು ಹೆಚ್ಚಾಗಿ ಎರಡನೆಯದೇ.